ದಾರಿ ಹಿಡಿದು ಬರೆದವರು: ಮಹಿಳೆಯರ ಪ್ರವಾಸ ಕಥನಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಗಳಲ್ಲಿ, ಓದುಗರ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡಿದ್ದೇನೆ. ಸುಲಭವಾದವು ಮೊದಲಿವೆ, ತೊಡಕಿನವು ಕೊನೆಯಲ್ಲಿವೆ.

## ಆರಂಭದ ಪ್ರಶ್ನೆಗಳು

ಪ್ರವಾಸದ ಬಗ್ಗೆ ಮೊಟ್ಟಮೊದಲು ಬರೆದ ಹೆಂಗಸು ಯಾರು?

ಮೊದಲಿಗಳೆಂಬ ಪಟ್ಟವನ್ನು ಯಾರಿಗೂ ಕಟ್ಟಲಾಗದು, ಏಕೆಂದರೆ ಬರೆದದ್ದೆಲ್ಲ ನಮ್ಮವರೆಗೆ ಉಳಿದು ಬಂದಿಲ್ಲ. ಉಳಿದವುಗಳಲ್ಲಿ ಬಹಳ ಹಳೆಯದು ಎಗೇರಿಯಾ ಎಂಬ ಕ್ರೈಸ್ತ ಯಾತ್ರಿಕಳು ಕ್ರಿ.ಶ. 380ರ ದಶಕದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ದೀರ್ಘ ಪತ್ರ. ಯುರೋಪಿನ ಪಶ್ಚಿಮದ ಅಂಚಿನಿಂದ ಹೊರಟ ಈಕೆ ಜೆರೂಸಲೇಮ್, ಈಜಿಪ್ಟ್, ಸಿನಾಯ್ ಬೆಟ್ಟ, ಮೆಸೊಪೊಟೇಮಿಯ, ಕಾನ್‌ಸ್ಟಾಂಟಿನೋಪಲ್‌ಗಳನ್ನು ಕಂಡು, ಊರಿನಲ್ಲಿದ್ದ 'ಸಹೋದರಿಯರಿಗೆ' ಎಲ್ಲವನ್ನೂ ವಿವರವಾಗಿ ತಿಳಿಸಿದಳು. ಸಿನಾಯ್ ಬೆಟ್ಟವನ್ನು ವಾಹನದ ಮೇಲೆ ಕುಳಿತು ಹತ್ತಲಾಗದೆ ಕಡಿದಾದ ದಾರಿಯಲ್ಲಿ ನಡೆದೇ ಏರಬೇಕಾಯಿತೆಂದು ಬರೆಯುತ್ತಾಳೆ. ತನ್ನ ಕುತೂಹಲ ಸ್ವಲ್ಪ ಹೆಚ್ಚೇ ಎಂದು ತಾನೇ ಒಪ್ಪಿಕೊಳ್ಳುತ್ತಾಳೆ. ಪತ್ರದ ಆದಿಯೂ ಅಂತ್ಯವೂ ಕಳೆದುಹೋಗಿವೆ. ಮಧ್ಯದ ಭಾಗ ಮಾತ್ರ ಹನ್ನೊಂದನೆಯ ಶತಮಾನದ ಒಂದು ಪ್ರತಿಯಲ್ಲಿ ಉಳಿದುಕೊಂಡಿದೆ.

ಹಿಂದಿನ ಕಾಲದಲ್ಲಿ ಹೆಂಗಸರು ಮನೆಯಿಂದ ಹೊರಡುತ್ತಲೇ ಇರಲಿಲ್ಲ ಅಲ್ಲವೇ?

ಹೊರಡುತ್ತಿದ್ದರು. ಆದರೆ ಹೊರಡಲು ಸಮಾಜ ಒಪ್ಪುವ ಒಂದು ಕಾರಣವಿರಬೇಕಿತ್ತು, ಮತ್ತು ಯಾತ್ರೆಗಿಂತ ಗಟ್ಟಿಯಾದ ಕಾರಣ ಇನ್ನೊಂದಿರಲಿಲ್ಲ. ಇಂಗ್ಲೆಂಡಿನ ಮಾರ್ಜರಿ ಕೆಂಪ್ 1413ರಲ್ಲಿ ಜೆರೂಸಲೇಮಿಗೆ ಹೊರಟದ್ದು ಭಕ್ತಿಯ ಹೆಸರಿನಲ್ಲಿ. ದಾರಿಯುದ್ದಕ್ಕೂ ಆಕೆ ಗಟ್ಟಿಯಾಗಿ ಅಳುತ್ತಾ ದೇವರ ಮಾತನ್ನೇ ಆಡುತ್ತಿದ್ದುದರಿಂದ ಬೇಸತ್ತ ಸಹಯಾತ್ರಿಕರು ಆಕೆಯ ನಿಲುವಂಗಿಯನ್ನು ಗಿಡ್ಡವಾಗಿ ಕತ್ತರಿಸಿ, ಹುಚ್ಚಿಯಂತೆ ಕಾಣಲೆಂದು ಗೋಣಿಬಟ್ಟೆ ತೊಡಿಸಿದರಂತೆ. ಬರೆಯಲು ಬಾರದ ಈಕೆ ತನ್ನ ಕಥೆಯನ್ನು ಹೇಳಿ ಬರೆಸಿದಳು.

ಜಪಾನಿನಲ್ಲಿ ಕಾರಣಗಳು ಬೇರೆಯಾಗಿದ್ದವು. ಸುಗವಾರ ನೊ ತಕಸುಯೆ ಎಂಬ ಅಧಿಕಾರಿಯ ಮಗಳು 1020ರಲ್ಲಿ, ಇನ್ನೂ ಹುಡುಗಿಯಾಗಿದ್ದಾಗ, ತಂದೆಯ ಅಧಿಕಾರಾವಧಿ ಮುಗಿದು ರಾಜಧಾನಿಗೆ ಮರಳಿದ ದಾರಿಯನ್ನು ಮುಪ್ಪಿನಲ್ಲಿ ನೆನೆದು ಬರೆದಳು. ಈ ಲೇಖಕಿಯ ಸ್ವಂತ ಹೆಸರು ಯಾರಿಗೂ ತಿಳಿದಿಲ್ಲ, ಇಂದಿಗೂ 'ತಕಸುಯೆಯ ಮಗಳು' ಎಂದೇ ಕರೆಯುತ್ತಾರೆ. 1279ರಲ್ಲಿ ಅಬುತ್ಸು ಎಂಬ ಸನ್ಯಾಸಿನಿ ಕ್ಯೋಟೋದಿಂದ ಕಾಮಕುರಕ್ಕೆ ಹೊರಟದ್ದು ಆಸ್ತಿಯ ವ್ಯಾಜ್ಯಕ್ಕಾಗಿ: ಮಗನಿಗೆ ಬರಬೇಕಾದ ಜಮೀನಿನ ವಿಷಯವಾಗಿ ನ್ಯಾಯ ಕೇಳಲು ಹೊರಟ ಆ ವಿಧವೆ ದಾರಿಯಲ್ಲಿ ಕಂಡದ್ದನ್ನೆಲ್ಲ ಕವಿತೆಗಳೊಡನೆ ದಾಖಲಿಸಿದಳು. ಪ್ರವಾಸ ಸಾಹಿತ್ಯಕ್ಕೆ ಕೋರ್ಟು ಕಚೇರಿಯ ಅಲೆದಾಟವೂ ಒಂದು ಮೂಲವಾಯಿತೆಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಇವುಗಳಲ್ಲಿ ಹೆಚ್ಚಿನವು ಪತ್ರದ ರೂಪದಲ್ಲಿಯೇ ಏಕಿವೆ?

ಪ್ರಯಾಣ ಮಾಡುವುದಕ್ಕಿಂತ ಅದನ್ನು ಅಚ್ಚು ಹಾಕಿಸುವುದೇ ಅನೇಕರಿಗೆ ಕಷ್ಟವಾಗಿತ್ತು. ಪುಸ್ತಕ ಬರೆಯುವ ಹೆಣ್ಣು ಅಧಿಕಪ್ರಸಂಗಿ ಎನಿಸಿಕೊಳ್ಳುತ್ತಿದ್ದ ಕಾಲದಲ್ಲಿ ತಂಗಿಗೆ, ಗೆಳತಿಗೆ ಕಾಗದ ಬರೆಯುವುದನ್ನು ಯಾರೂ ಆಕ್ಷೇಪಿಸುವಂತಿರಲಿಲ್ಲ. ಆ ಕಾಗದಗಳನ್ನೇ ಮುಂದೆ ಜೋಡಿಸಿದರೆ ಪುಸ್ತಕವಾಗುತ್ತಿತ್ತು. ಇಂಗ್ಲೆಂಡಿನ ಪ್ರವಾಸಿ ಇಸಬೆಲ್ಲಾ ಬರ್ಡ್ ಅಮೆರಿಕದ ರಾಕಿ ಪರ್ವತಗಳಿಂದ ಬರೆದದ್ದು ತಂಗಿ ಹೆನ್ರಿಯೆಟಾಳಿಗೆ. ಟಿಬೆಟ್ ಕಡೆ ಸಂಚರಿಸಿದ ಫ್ರೆಂಚ್ ಲೇಖಕಿ ಅಲೆಕ್ಸಾಂಡ್ರಾ ಡೇವಿಡ್-ನೀಲ್ ವರ್ಷಗಟ್ಟಲೆ ಬರೆದದ್ದು ದೂರದಲ್ಲಿದ್ದ ಗಂಡನಿಗೆ.

ಆದರೆ ಅಚ್ಚಾದ 'ಪತ್ರ'ಗಳೆಲ್ಲ ಅಂಚೆಗೆ ಹಾಕಿದ ಕಾಗದಗಳೇ ಎಂದು ತಿಳಿಯಬಾರದು. ಇಂಗ್ಲೆಂಡಿನ ರಾಯಭಾರಿಯ ಪತ್ನಿಯಾಗಿ 1716ರಿಂದ 1718ರವರೆಗೆ ಪ್ರವಾಸದಲ್ಲಿದ್ದು ಟರ್ಕಿಯನ್ನು ಕಂಡ ಲೇಡಿ ಮೇರಿ ವರ್ಟ್ಲಿ ಮಾಂಟೆಗು ತನ್ನ ಪತ್ರಗಳನ್ನು ತಿದ್ದಿ, ಹೊಸದಾಗಿ ಜೋಡಿಸಿ, ಒಂದು ಕೃತಿಯಾಗಿಯೇ ಸಿದ್ಧಪಡಿಸಿದಳು. ಆದರೂ ಬದುಕಿದ್ದಾಗ ಅದನ್ನು ಅಚ್ಚು ಹಾಕಿಸಲಿಲ್ಲ. 1761ರಲ್ಲಿ ಹಸ್ತಪ್ರತಿಯನ್ನು ರಾಟರ್‌ಡ್ಯಾಮಿನಲ್ಲಿ ಒಬ್ಬ ಪಾದ್ರಿಯ ಕೈಗೊಪ್ಪಿಸಿ ಊರಿಗೆ ಮರಳಿದ ಆಕೆ ಮರುವರ್ಷ ತೀರಿಕೊಂಡಳು. 1763ರಲ್ಲಿ ಪುಸ್ತಕ ಹೊರಬಂದಾಗ ಮನೆಯವರಿಗೆ ಅದು ಇಷ್ಟವಿರಲಿಲ್ಲ. ಆಕೆಯ ದಿನಚರಿಯನ್ನು ಮಗಳೇ ಸುಟ್ಟುಹಾಕಿದಳು.

ಇಷ್ಟೆಲ್ಲ ತಿರುಗಾಡಲು ಇವರಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು?

ಎಲ್ಲರೂ ಸಿರಿವಂತರ ಮನೆಯವರಾಗಿರಲಿಲ್ಲ. ವಿಯೆನ್ನಾದ ಇಡಾ ಫೈಫರ್ ಗಂಡುಮಕ್ಕಳಿಬ್ಬರು ಬೆಳೆದು ನಿಂತ ಮೇಲೆ, 1842ರಲ್ಲಿ, ತನ್ನ 44ನೆಯ ವಯಸ್ಸಿನಲ್ಲಿ ಮೊದಲ ಪ್ರಯಾಣಕ್ಕೆ ಹೊರಟಳು. ಮುಂದೆ 1846ರಿಂದ 1855ರೊಳಗೆ ಎರಡು ಬಾರಿ ಜಗತ್ತನ್ನು ಸುತ್ತಿದಳು. ಕಡಿಮೆ ಖರ್ಚಿನಲ್ಲಿ ಬದುಕುವುದು, ದಾರಿಯಲ್ಲಿ ಸಂಗ್ರಹಿಸಿದ ಕೀಟ ಮತ್ತು ಸಸ್ಯಗಳನ್ನು ವಸ್ತುಸಂಗ್ರಹಾಲಯಗಳಿಗೆ ಮಾರುವುದು, ಒಂದು ಪ್ರಯಾಣದ ಪುಸ್ತಕದಿಂದ ಬಂದ ಹಣದಲ್ಲಿ ಮುಂದಿನ ಪ್ರಯಾಣಕ್ಕೆ ಹೊರಡುವುದು, ಇದು ಆಕೆಯ ಪದ್ಧತಿ. ಅದಕ್ಕೂ ಬಹಳ ಮೊದಲು, 1699ರಲ್ಲಿ, ಮರಿಯಾ ಸಿಬಿಲ್ಲಾ ಮೆರಿಯನ್ ಎಂಬ ಚಿತ್ರಕಾರ್ತಿ ತನ್ನ ಚಿತ್ರಗಳನ್ನು ಮಾರಿ, 52ರ ಪ್ರಾಯದಲ್ಲಿ ಮಗಳೊಡನೆ ದಕ್ಷಿಣ ಅಮೆರಿಕದ ಸುರಿನಾಮಿಗೆ ಕೀಟಗಳನ್ನು ನೋಡಲು ಹೋಗಿದ್ದಳು. ಇಂಗ್ಲೆಂಡಿನ ಮೇರಿ ಕಿಂಗ್ಸ್ಲಿ 1890ರ ದಶಕದಲ್ಲಿ ಪಶ್ಚಿಮ ಆಫ್ರಿಕದಲ್ಲಿ ಬಟ್ಟೆ, ತಂಬಾಕು ವ್ಯಾಪಾರ ಮಾಡುತ್ತಾ ದಾರಿ ಸವೆಸಿದಳು.

ಪತ್ರಿಕೆಗಳು ಹಣ ಹೂಡಲು ಆರಂಭಿಸಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಜಗತ್ತನ್ನು 80 ದಿನಗಳೊಳಗೆ ಸುತ್ತಿ ಬರುತ್ತೇನೆಂದು ಅಮೆರಿಕದ ಪತ್ರಕರ್ತೆ ನೆಲ್ಲಿ ಬ್ಲೈ ಹೇಳಿದಾಗ, ಹೆಣ್ಣಿಗೆ ಕಾವಲಿಗೊಬ್ಬರು ಬೇಕು, ಪೆಟ್ಟಿಗೆಗಳೂ ಹತ್ತಾರು ಬೇಕು ಎಂದು ಪತ್ರಿಕೆಯವರು ಗಂಡಸೊಬ್ಬನನ್ನು ಕಳಿಸುವ ಮಾತಾಡಿದರು. ಹಾಗಾದರೆ ಅದೇ ದಿನ ಬೇರೆ ಪತ್ರಿಕೆಯ ಪರವಾಗಿ ಹೊರಟು ಅವನನ್ನು ಸೋಲಿಸುತ್ತೇನೆಂದು ಆಕೆ ಉತ್ತರಿಸಿದಳು. 1889ರ ನವೆಂಬರ್ 14ರಂದು ಒಂದೇ ಕೈಚೀಲದೊಡನೆ ಹೊರಟು 72 ದಿನಗಳಲ್ಲಿ ಮರಳಿದಳು.

## ಸ್ವಲ್ಪ ಓದಿಕೊಂಡವರ ಪ್ರಶ್ನೆಗಳು

ಗಂಡಸರು ಬರೆದದ್ದಕ್ಕೂ ಹೆಂಗಸರು ಬರೆದದ್ದಕ್ಕೂ ನಿಜವಾಗಿ ವ್ಯತ್ಯಾಸವಿದೆಯೇ?

ಸ್ವಭಾವದ ವ್ಯತ್ಯಾಸವೆಂದು ನಾನು ಹೇಳಲಾರೆ. ಯಾವ ಬಾಗಿಲು ಯಾರಿಗೆ ತೆರೆಯುತ್ತಿತ್ತು ಎಂಬ ವ್ಯತ್ಯಾಸವಂತೂ ಇದೆ. ಟರ್ಕಿಯ ಅಂತಃಪುರಗಳ ಬಗ್ಗೆ ಪುಟಗಟ್ಟಲೆ ಬರೆದ ಗಂಡಸರು ಅವುಗಳ ಹೊಸ್ತಿಲು ದಾಟಿದವರಲ್ಲ. ಮಾಂಟೆಗು ದಾಟಿದಳು. 1717ರಲ್ಲಿ ಸೋಫಿಯಾ ನಗರದ ಸ್ನಾನಗೃಹಕ್ಕೆ ಹೋದಾಗ ಅಲ್ಲಿನ ಸ್ತ್ರೀಯರು ಆಕೆಯನ್ನೂ ಬಟ್ಟೆ ಕಳಚುವಂತೆ ಒತ್ತಾಯಿಸಿದರು. ಮೇಲುಡುಪು ಬಿಚ್ಚಿದಾಗ ಒಳಗೆ ಬಿಗಿದ ಗಟ್ಟಿ ಕುಪ್ಪಸವನ್ನು ಕಂಡು, ಇದು ಗಂಡ ಹೆಂಡತಿಯನ್ನು ಬೀಗ ಹಾಕಿ ಇಡುವ ಯಂತ್ರವಿರಬೇಕೆಂದು ಅವರು ಭಾವಿಸಿದರಂತೆ. ನೋಡಲು ಹೋದವಳೇ ನೋಟಕ್ಕೆ ಗುರಿಯಾದ ಆ ಗಳಿಗೆಯನ್ನು ಆಕೆ ಮುಚ್ಚಿಡದೆ ಬರೆದಳು. ಸಿಡುಬಿಗೆ ಅಲ್ಲಿನ ಮುದುಕಿಯರು ಚುಚ್ಚಿ ಹಾಕುತ್ತಿದ್ದ ಮದ್ದನ್ನು ಗಮನಿಸಿ, ತನ್ನ ಮಗನಿಗೂ ಹಾಕಿಸಿ, ಆ ಪದ್ಧತಿಯನ್ನು ಇಂಗ್ಲೆಂಡಿಗೆ ತಂದವಳೂ ಆಕೆಯೇ. ಹೆಂಗಸರ ನಡುವೆ ಕೂತಿರದಿದ್ದರೆ ಈ ವಿಷಯ ಆಕೆಗೆ ಅಷ್ಟು ಬೇಗ ದಕ್ಕುತ್ತಿರಲಿಲ್ಲ.

ಆ ಕುಪ್ಪಸದ ಪ್ರಸಂಗಕ್ಕೆ ಸುಮಾರು ಇನ್ನೂರು ವರ್ಷಗಳ ನಂತರ ಟರ್ಕಿಯ ಕಡೆಯಿಂದಲೇ ಒಂದು ಜೊತೆ ಸಿಕ್ಕಿತು. ಜೈನಬ್ ಹಾನಿಮ್ ಎಂಬ ಟರ್ಕಿ ಮಹಿಳೆ ಯುರೋಪಿಗೆ ಹೋಗಿ, 1913ರಲ್ಲಿ ತನ್ನ ಅನುಭವಗಳನ್ನು ಪ್ರಕಟಿಸಿದಳು. ಲಂಡನ್ನಿನ ಸಂಸತ್ತಿನಲ್ಲಿ ಹೆಂಗಸರು ಜಾಲರಿಯ ಹಿಂದೆ ಕುಳಿತು ಕಲಾಪ ನೋಡಬೇಕಾದ ಜಾಗವನ್ನು ಕಂಡು, ಇದೂ ಒಂದು ಅಂತಃಪುರವೇ ಎಂದು ಬರೆದಳು. ಇವೆರಡನ್ನೂ ಒಟ್ಟಿಗೆ ಓದದವರಿಗೆ ಮಾಂಟೆಗು ಅರ್ಧ ಮಾತ್ರ ಸಿಕ್ಕಂತೆ.

ಗಂಡುವೇಷ ಹಾಕಿ ಹೋದವರ ಕಥೆಗಳು ನಿಜವೇ?

ನಿಜ, ಆದರೆ ಸಂಖ್ಯೆ ಕಡಿಮೆ. ಫ್ರಾನ್ಸಿನ ಜ್ಯಾನ್ ಬಾರೆ 1766ರಲ್ಲಿ ಹೊರಟ ಬೂಗನ್‌ವೀಲ್‌ನ ನೌಕಾಯಾನದಲ್ಲಿ ಸಸ್ಯವಿಜ್ಞಾನಿಯೊಬ್ಬನ ಸಹಾಯಕನಾಗಿ ಗಂಡಿನ ಉಡುಪಿನಲ್ಲಿ ಸೇರಿಕೊಂಡಳು. ಜಗತ್ತನ್ನು ಸುತ್ತಿದ ಮೊದಲ ಮಹಿಳೆ ಎಂದು ಇತಿಹಾಸ ಆಕೆಯನ್ನು ಗುರುತಿಸುತ್ತದೆ. ಆದರೆ ಆಕೆಯದೇ ಕೈಬರಹದ ಪ್ರವಾಸ ಕಥನವಿಲ್ಲ, ನಮಗೆ ತಿಳಿದಿರುವುದೆಲ್ಲ ಹಡಗಿನಲ್ಲಿದ್ದ ಗಂಡಸರು ಬರೆದಿಟ್ಟ ಮಾತುಗಳಿಂದ.

ಡೇವಿಡ್-ನೀಲ್ ಗಂಡಾಗಲಿಲ್ಲ, ಬಡ ಯಾತ್ರಿಕಳಾದಳು. ಮುಖಕ್ಕೆ ಮಸಿ ಬಳಿದುಕೊಂಡು, ಯಾಕ್ ಕೂದಲಿನ ಜಡೆ ಹೆಣೆದುಕೊಂಡು, 55ರ ವಯಸ್ಸಿನಲ್ಲಿ ಭಿಕ್ಷೆ ಬೇಡುತ್ತಾ ನಡೆದು, ವಿದೇಶಿಯರಿಗೆ ಮುಚ್ಚಿದ್ದ ಟಿಬೆಟ್ಟಿನ ರಾಜಧಾನಿ ಲ್ಹಾಸಾವನ್ನು 1924ರಲ್ಲಿ ಹೊಕ್ಕಳು. ಇದಕ್ಕೆ ವಿರುದ್ಧವಾದ ಹಟ ಕಿಂಗ್ಸ್ಲಿಯದು. ಆಫ್ರಿಕದ ಕಾಡಿನಲ್ಲಿಯೂ ದಪ್ಪ ಲಂಗವನ್ನು ಬಿಡಲಿಲ್ಲ. ಬೇಟೆಗೆಂದು ತೋಡಿದ ಗುಂಡಿಗೆ ಬಿದ್ದಾಗ, ತಳದಲ್ಲಿ ನೆಟ್ಟಿದ್ದ ಚೂಪು ಗೂಟಗಳಿಂದ ಉಳಿಸಿದ್ದು ಆ ಲಂಗವೇ ಎಂದು ನಗುತ್ತಾ ಬರೆದಳು. ಇಸಬೆಲ್ಲಾ ಬರ್ಡ್ ಕುದುರೆಯ ಎರಡೂ ಬದಿಗೆ ಕಾಲು ಹಾಕಿ ಸವಾರಿ ಮಾಡುತ್ತಿದ್ದಳು. ಆದರೆ ಆಕೆ ಗಂಡಸಿನ ಉಡುಪು ತೊಟ್ಟಿದ್ದಳೆಂದು ಪತ್ರಿಕೆಯೊಂದು ಬರೆದಾಗ ಕೆರಳಿ, ಪುಸ್ತಕದ ಎರಡನೆಯ ಮುದ್ರಣದಲ್ಲಿ ತನ್ನ ಉಡುಪಿನ ವಿವರಣೆಯನ್ನೇ ಸೇರಿಸಿದಳು.

ಭೂಗೋಳ ಸಂಘಗಳು ಇವರನ್ನು ಸದಸ್ಯರನ್ನಾಗಿ ಸೇರಿಸಿಕೊಂಡವೇ?

ಬರ್ಲಿನ್ನಿನ ಭೂಗೋಳ ಸಂಘ ಇಡಾ ಫೈಫರ್‌ಗೆ ಗೌರವ ಸದಸ್ಯತ್ವ ಕೊಟ್ಟಿತು. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಹೆಣ್ಣೆಂಬ ಕಾರಣಕ್ಕೆ ಕೊಡಲಿಲ್ಲ. 1892ರಲ್ಲಿ ಆ ಸೊಸೈಟಿ ಬಾಗಿಲು ತೆರೆದು ಇಸಬೆಲ್ಲಾ ಬರ್ಡ್ ಸೇರಿ 22 ಮಹಿಳೆಯರನ್ನು ಸೇರಿಸಿಕೊಂಡಿತಾದರೂ, ಒಳಗಿನವರ ಪ್ರತಿಭಟನೆಗೆ ಮಣಿದು ಮರುವರ್ಷವೇ ಮತ್ತೆ ಮುಚ್ಚಿತು. ಹೀಗೆ ವಿರೋಧಿಸಿದವರಲ್ಲಿ ಮುಂದೆ ಭಾರತದ ವೈಸರಾಯ್ ಆಗಿ ಬಂಗಾಳವನ್ನು ಒಡೆದ ಕರ್ಜನ್ ಒಬ್ಬ. 1913ರಲ್ಲಿ ಬಾಗಿಲು ಪೂರ್ತಿಯಾಗಿ ತೆರೆದಾಗ ಸೊಸೈಟಿಯ ಅಧ್ಯಕ್ಷನಾಗಿದ್ದವನೂ ಅವನೇ.

ನಮ್ಮ ಭಾರತದ ಹೆಂಗಸರು ಬರೆದದ್ದು ಏನಾದರೂ ಇದೆಯೇ?

ಇದೆ, ಮತ್ತು ಅದನ್ನು ಓದದೆ ಈ ಇತಿಹಾಸವನ್ನು ಯುರೋಪಿನವರ ಸೊತ್ತೆಂದು ಭಾವಿಸುವುದು ತಪ್ಪು. ಭೋಪಾಲದ ನವಾಬ ಸಿಕಂದರ್ ಬೇಗಂ 1863–64ರಲ್ಲಿ ಹಜ್ ಯಾತ್ರೆ ಮಾಡಿ ಬರೆದದ್ದರ ಇಂಗ್ಲಿಷ್ ಅನುವಾದ 1870ರಲ್ಲಿ ಅಚ್ಚಾಯಿತು. ಭಕ್ತಿಯ ಯಾತ್ರೆಯಾದರೂ ಆಕೆಯ ಕಣ್ಣು ಆಡಳಿತಗಾರ್ತಿಯದು: ಜೆಡ್ಡಾ, ಮೆಕ್ಕಾಗಳ ಅವ್ಯವಸ್ಥೆಯನ್ನು ಮುಲಾಜಿಲ್ಲದೆ ಟೀಕಿಸುತ್ತಾಳೆ. ಕೃಷ್ಣಭಾವಿನಿ ದಾಸ್ ಗಂಡನೊಡನೆ ಇಂಗ್ಲೆಂಡಿಗೆ ಹೋಗಿ 1885ರಲ್ಲಿ ಬಂಗಾಳಿಯಲ್ಲಿ ಪುಸ್ತಕ ಪ್ರಕಟಿಸಿದಳು. ಪುಟ್ಟ ಮಗಳನ್ನು ಊರಿನಲ್ಲಿ ಬಿಟ್ಟು ಹೋಗಬೇಕಾಗಿತ್ತು. ಢಾಕಾದ ಹರಿಪ್ರಭಾ ತಕೇದಾ ಜಪಾನಿ ಗಂಡನೊಡನೆ 1912ರಲ್ಲಿ ಅತ್ತೆಮನೆ ನೋಡಲು ಜಪಾನಿಗೆ ಹೋಗಿ, 1915ರಲ್ಲಿ ಆ ಕಥನವನ್ನು ಹೊರತಂದಳು.

ನನ್ನ ಮಟ್ಟಿಗೆ ಇವರೆಲ್ಲರಲ್ಲಿ ಹಿರಿಯಳು ಪಂಡಿತಾ ರಮಾಬಾಯಿ. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ರಮಾಬಾಯಿ ಬಾಲ್ಯವನ್ನು ಕಳೆದದ್ದೇ ತಂದೆತಾಯಿಯರೊಡನೆ ಪುರಾಣ ಹೇಳುತ್ತಾ ತೀರ್ಥಕ್ಷೇತ್ರಗಳಿಗೆ ನಡೆಯುವುದರಲ್ಲಿ. ಬರಗಾಲದಲ್ಲಿ ಅವರನ್ನು ಕಳೆದುಕೊಂಡ ಮೇಲೆ ಅಣ್ಣನೊಡನೆ ನಡೆಯುತ್ತಾ 1878ರಲ್ಲಿ ಕಲ್ಕತ್ತೆ ತಲುಪಿದಳು. 1886ರಲ್ಲಿ ಆನಂದಿಬಾಯಿ ಜೋಶಿಯ ವೈದ್ಯಕೀಯ ಪದವಿ ಪ್ರದಾನ ನೋಡಲು ಫಿಲಡೆಲ್ಫಿಯಾಕ್ಕೆ ಹೋಗಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಅಮೆರಿಕವನ್ನು ಸುತ್ತಿ, 1889ರಲ್ಲಿ ಮರಾಠಿಯಲ್ಲಿ ಆ ದೇಶದ ಸ್ಥಿತಿಗತಿಯ ಬಗ್ಗೆ ಬರೆದಳು. ಅಲ್ಲಿನ ಮಹಿಳಾ ಸಂಘಟನೆಗಳನ್ನು ಮೆಚ್ಚಿದ ಆಕೆ ವರ್ಣಭೇದವನ್ನು ಕಂಡೂ ಕಾಣದಂತೆ ಇರಲಿಲ್ಲ. ಪಶ್ಚಿಮದವರು ಪೂರ್ವವನ್ನು ಅಳೆಯುತ್ತಿದ್ದ ಕೋಲನ್ನು ತಿರುಗಿಸಿ ಹಿಡಿದ ಕೃತಿ ಅದು. ಕನ್ನಡದಲ್ಲಿ ಓದಬಯಸುವವರಿಗೆ ನೇಮಿಚಂದ್ರರ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಒಳ್ಳೆಯ ಪ್ರವೇಶ.

## ಆಳಕ್ಕೆ ಇಳಿಯುವವರ ಪ್ರಶ್ನೆಗಳು

"ಒಬ್ಬಳೇ ಹೋದೆ" ಎನ್ನುತ್ತಾರಲ್ಲ, ನಿಜವಾಗಿ ಒಬ್ಬಳೇನಾ?

ಬಹಳ ಸಲ ಅಲ್ಲ. ಇಂಥ ಪುಸ್ತಕಗಳಲ್ಲಿ 'ಒಬ್ಬಳೇ' ಎಂದರೆ ತನ್ನ ಅಂತಸ್ತಿನವರು ಜೊತೆಗಿಲ್ಲ ಎಂದಷ್ಟೇ ಅರ್ಥ. 1878ರಲ್ಲಿ ಜಪಾನಿನ ಒಳನಾಡಿನಲ್ಲಿ ಸಂಚರಿಸಿದ ಇಸಬೆಲ್ಲಾ ಬರ್ಡ್‌ಳ ಪುಟಗಳಲ್ಲಿ ಇತೋ ಎಂಬ ತರುಣ ದುಭಾಷಿ ಹೆಜ್ಜೆಹೆಜ್ಜೆಗೂ ಇದ್ದಾನೆ: ಕುದುರೆ ಗೊತ್ತುಮಾಡುವವನು, ಅಡುಗೆ ಮಾಡುವವನು, ಊರವರ ಮಾತನ್ನು ಆಕೆಗೆ ತಲುಪಿಸುವವನು. ಆಕೆ ಕಂಡ ಜಪಾನಿನ ಬಹುಪಾಲು ಇತೋನ ನಾಲಿಗೆಯ ಮೂಲಕ ಬಂದದ್ದು. ಡೇವಿಡ್-ನೀಲ್‌ಳ ಲ್ಹಾಸಾ ಯಾತ್ರೆ ಸಿಕ್ಕಿಮಿನ ಯುವ ಲಾಮಾ ಯೊಂಗ್‌ಡೆನ್ ಇಲ್ಲದೆ ನಡೆಯುತ್ತಿರಲಿಲ್ಲ; ಅವನು ತಾಯಿಯೊಡನೆ ಹೊರಟ ಮಗನಂತೆ ನಟಿಸಿ, ಶಕುನ ಹೇಳಿ ಊಟ ಸಂಪಾದಿಸುತ್ತಿದ್ದ. ಮುಂದೆ ಆಕೆ ಅವನನ್ನು ದತ್ತು ತೆಗೆದುಕೊಂಡಳು.

1795ರಲ್ಲಿ ಸ್ಕ್ಯಾಂಡಿನೇವಿಯಾಕ್ಕೆ ಹೋದ, ಹೆಣ್ಣಿನ ಹಕ್ಕುಗಳ ಬಗ್ಗೆ ಬರೆದ ಇಂಗ್ಲಿಷ್ ಲೇಖಕಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್‌ಳ ಜೊತೆಯಲ್ಲಿ ಒಂದು ವರ್ಷದ ಕೂಸೂ, ಅದನ್ನು ನೋಡಿಕೊಳ್ಳುವ ಮಾರ್ಗರೀಟ್ ಎಂಬ ಸೇವಕಿಯೂ ಇದ್ದರು. ಮಾರ್ಗರೀಟ್ ಕಂಡ ಸ್ವೀಡನ್ ಹೇಗಿತ್ತೆಂದು ಯಾರೂ ಕೇಳಲಿಲ್ಲ. ಹೊರೆಯಾಳು, ದೋಣಿಯವನು, ಅಡುಗೆಯವಳು ಯಾವ ವಾಕ್ಯದಲ್ಲಿ ಕಾಣಿಸಿಕೊಂಡು ಯಾವ ವಾಕ್ಯದಲ್ಲಿ ಮಾಯವಾಗುತ್ತಾರೆ ಎಂಬುದನ್ನು ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡು ಓದುವುದು ನನ್ನ ಅಭ್ಯಾಸ. ಪುಸ್ತಕ ಬೇರೆಯೇ ಆಗಿ ಕಾಣುತ್ತದೆ.

ಇವರನ್ನೆಲ್ಲ ಸ್ತ್ರೀವಾದಿಗಳೆಂದು ಕರೆಯಬಹುದೇ?

ಒಟ್ಟಾಗಿ ಕರೆಯಲಾಗದು. ವುಲ್‌ಸ್ಟನ್‌ಕ್ರಾಫ್ಟ್ ಹೌದು, ಪೆರುವಿಗೆ ಹೋಗಿ ಬಂದು 1838ರಲ್ಲಿ ಆ ಕಥನವನ್ನು ಪ್ರಕಟಿಸಿದ ಫ್ರಾನ್ಸಿನ ಫ್ಲೋರಾ ತ್ರಿಸ್ತಾನ್ ಹೌದು. 1912ರಲ್ಲಿ ಸಿಯಾಚಿನ್ ಹಿಮನದಿಯ ಪ್ರದೇಶದಲ್ಲಿ ಸುಮಾರು 21,000 ಅಡಿ ಎತ್ತರದಲ್ಲಿ ನಿಂತು, ಹೆಂಗಸರಿಗೆ ಮತದಾನದ ಹಕ್ಕು ಕೇಳುವ ಪತ್ರಿಕೆಯನ್ನು ಬಿಡಿಸಿ ಹಿಡಿದು ಫೋಟೋ ತೆಗೆಸಿಕೊಂಡ ಫ್ಯಾನಿ ಬುಲಕ್ ವರ್ಕ್‌ಮನ್ ಅಂತೂ ಹೌದು. ಆದರೆ ಅರೇಬಿಯದ ಮರುಭೂಮಿಯನ್ನು ಅಳೆದ ಗರ್ಟ್ರೂಡ್ ಬೆಲ್ ಮಹಿಳಾ ಮತದಾನವನ್ನು ವಿರೋಧಿಸುವ ಸಂಘದಲ್ಲಿ ದುಡಿದಳು. ಕಿಂಗ್ಸ್ಲಿಯೂ ಅದನ್ನು ವಿರೋಧಿಸಿದಳು.

ಸಾಮ್ರಾಜ್ಯದ ವಿಷಯದಲ್ಲಿಯೂ ಇದೇ ತೊಡಕು. ಕಿಂಗ್ಸ್ಲಿ ಮಿಷನರಿಗಳನ್ನು ಟೀಕಿಸಿದಳು, ಸಿಯೆರಾ ಲಿಯೋನಿನಲ್ಲಿ ಗುಡಿಸಲುಗಳ ಮೇಲೆ ಹೇರಿದ ತೆರಿಗೆಯನ್ನು ವಿರೋಧಿಸಿದಳು, ಆಫ್ರಿಕದವರ ಕಾನೂನು ಮತ್ತು ನಂಬಿಕೆಗಳಿಗೆ ತಮ್ಮದೇ ತರ್ಕವಿದೆ ಎಂದು ವಾದಿಸಿದಳು. ಜೊತೆಗೇ ಬ್ರಿಟಿಷ್ ವರ್ತಕರ ಆಳ್ವಿಕೆ ಒಳ್ಳೆಯದೆಂದೂ ನಂಬಿದ್ದಳು. ಬಿಳಿಯ ಹೆಣ್ಣು ತನ್ನ ಊರಿನಲ್ಲಿ ಪಡೆಯಲಾಗದ ಅಧಿಕಾರವನ್ನು ಪರದೇಶದಲ್ಲಿ ಚರ್ಮದ ಬಣ್ಣದಿಂದ ಪಡೆಯುತ್ತಿದ್ದಳೆಂಬ ಮಾತನ್ನು ಬದಿಗಿಟ್ಟು ಈ ಪುಸ್ತಕಗಳನ್ನು ಹೊಗಳುವವರ ಜೊತೆ ನನಗೆ ಸಹಮತವಿಲ್ಲ. ಅದೊಂದೇ ಕಾರಣಕ್ಕೆ ಅವನ್ನು ಓದದೆ ಬಿಡುವವರ ಜೊತೆಯೂ ಇಲ್ಲ.

ಬರೆದದ್ದೆಲ್ಲ ಸತ್ಯವೆಂದು ನಂಬಬಹುದೇ?

ಗಂಡಸರ ಕಥನಗಳನ್ನು ನಂಬುವಷ್ಟೇ ನಂಬಬಹುದು. ಆದರೆ ಹೆಂಗಸರ ಮೇಲೆ ಅನುಮಾನ ಬೇಗ ಬೀಳುತ್ತಿತ್ತು. ಡೇವಿಡ್-ನೀಲ್ ಲ್ಹಾಸಾಕ್ಕೆ ಹೋಗಿಯೇ ಇರಲಿಲ್ಲವೆಂದು ವಾದಿಸುವ ಪುಸ್ತಕವೊಂದು ಆಕೆಯ ಮರಣದ ನಂತರ ಬಂತು. ಪೊಟಾಲಾ ಅರಮನೆಯ ಮುಂದೆ ಆಕೆ ಕುಳಿತಿರುವ ಫೋಟೋ ಇದೆ, ಆ ವಾದವನ್ನು ಈಗ ವಿದ್ವಾಂಸರು ಒಪ್ಪುವುದಿಲ್ಲ. ಹದಿನೇಳನೆಯ ಶತಮಾನದ ಫ್ರೆಂಚ್ ಲೇಖಕಿ ಮದಾಮ್ ದೋಲ್ನ್ವಾ ಸ್ಪೇನಿನ ಬಗ್ಗೆ ಬರೆದದ್ದರಲ್ಲಿ ಬಹಳಷ್ಟು ಬೇರೆಯವರ ಪುಸ್ತಕಗಳಿಂದ ಎತ್ತಿಕೊಂಡದ್ದು ಎಂಬ ಸಂಶಯ ಮಾತ್ರ ಇನ್ನೂ ನಿಂತಿಲ್ಲ.

ಸುಳ್ಳಿಗಿಂತ ಮೌನವನ್ನು ಹುಡುಕುವುದು ಹೆಚ್ಚು ಫಲ ಕೊಡುತ್ತದೆ. ವುಲ್‌ಸ್ಟನ್‌ಕ್ರಾಫ್ಟ್ ತನ್ನ 1796ರ ಪುಸ್ತಕದಲ್ಲಿ ಜಲಪಾತಗಳನ್ನೂ ಬಂಡೆಗಳನ್ನೂ ಮನಸ್ಸಿನ ಬೇಗುದಿಯನ್ನೂ ವರ್ಣಿಸುತ್ತಾಳೆ. ತಾನು ಅಲ್ಲಿಗೆ ಹೋದದ್ದು ಏತಕ್ಕೆ ಎಂದು ಎಲ್ಲಿಯೂ ಹೇಳುವುದಿಲ್ಲ. ಮಗುವಿನ ತಂದೆ ಗಿಲ್ಬರ್ಟ್ ಇಮ್ಲೇ ಹೂಡಿದ್ದ ವ್ಯವಹಾರದಲ್ಲಿ ಬೆಳ್ಳಿ ತುಂಬಿದ ಹಡಗೊಂದು ಕಾಣೆಯಾಗಿತ್ತು, ಅದರ ಪರಿಹಾರಕ್ಕಾಗಿ ಆಕೆಯನ್ನು ಕಳಿಸಿದ್ದ. ಈ ಸಂಗತಿ ಸ್ಪಷ್ಟವಾಗಿ ಹೊರಬಿದ್ದದ್ದು ಇಪ್ಪತ್ತನೆಯ ಶತಮಾನದಲ್ಲಿ. ತನ್ನನ್ನು ಕೈಬಿಡುತ್ತಿದ್ದ ಗಂಡಸಿನ ಲೆಕ್ಕ ವಸೂಲಿಗೆ ಹೋದ ಹೆಣ್ಣು ಆ ಪತ್ರಗಳನ್ನು ಅವನಿಗೇ, ಹೆಸರು ಹೇಳದೆ, ಬರೆದಿದ್ದಾಳೆಂದು ತಿಳಿದು ಮತ್ತೆ ಓದಿದರೆ ಜಲಪಾತದ ವರ್ಣನೆಯೂ ಬೇರೆ ದನಿಯಲ್ಲಿ ಕೇಳಿಸುತ್ತದೆ.

ವಿಮಾನ, ಮೋಟಾರು ಬಂದ ಮೇಲೆ ಈ ಸಾಹಸಕ್ಕೆ ಅರ್ಥ ಉಳಿದಿದೆಯೇ?

ನಿಧಾನವನ್ನು ಬೇಕೆಂದೇ ಆರಿಸಿಕೊಂಡವರು ಅದಕ್ಕೆ ಉತ್ತರ. ಐರ್ಲೆಂಡಿನ ಡರ್ವ್ಲಾ ಮರ್ಫಿ ಹತ್ತನೆಯ ಹುಟ್ಟುಹಬ್ಬಕ್ಕೆ ಸಿಕ್ಕ ಸೈಕಲ್ಲು ಮತ್ತು ಭೂಪಟಗಳನ್ನು ನೋಡಿ ಕಂಡ ಕನಸನ್ನು 1963ರಲ್ಲಿ ಭಾರತದವರೆಗೆ ಸೈಕಲ್ ತುಳಿದು ಮುಗಿಸಿದಳು. ಮುಂದೊಮ್ಮೆ ಐದರ ಪ್ರಾಯದ ಮಗಳನ್ನು ಕರೆದುಕೊಂಡು ಕೊಡಗಿಗೂ ಬಂದು ಅದರ ಬಗ್ಗೆ ಪುಸ್ತಕ ಬರೆದಳು. ರಾಬಿನ್ ಡೇವಿಡ್‌ಸನ್ 1977ರಲ್ಲಿ ನಾಲ್ಕು ಒಂಟೆ, ಒಂದು ನಾಯಿಯೊಡನೆ ಆಸ್ಟ್ರೇಲಿಯದ ಮರುಭೂಮಿಯಲ್ಲಿ ಸುಮಾರು 2,700 ಕಿಲೋಮೀಟರ್ ನಡೆದಳು. ಹಣ ಕೊಟ್ಟ ಪತ್ರಿಕೆ ಕಳಿಸಿದ ಛಾಯಾಗ್ರಾಹಕ ಆಗಾಗ ಬಂದು ಏಕಾಂತ ಕೆಡಿಸುತ್ತಿದ್ದುದರ ಕಿರಿಕಿರಿಯನ್ನು ಆಕೆ ಬಚ್ಚಿಟ್ಟಿಲ್ಲ.

ಕಳೆದುಹೋದ ಬರಹಗಳು ಇನ್ನೂ ಸಿಗಬಹುದೇ?

ಸಿಕ್ಕ ಉದಾಹರಣೆಗಳಿವೆ. ಎಗೇರಿಯಾಳ ಪತ್ರ ಇಟಲಿಯ ಅರೆಟ್ಸೊ ನಗರದಲ್ಲಿ 1884ರಲ್ಲಿ ಬೆಳಕಿಗೆ ಬಂತು, ಮಾರ್ಜರಿ ಕೆಂಪ್‌ಳ ಪೂರ್ಣ ಹಸ್ತಪ್ರತಿ 1934ರಲ್ಲಿ. ಬರೆದಿರಬಹುದಾದವರು ಬರೆಯದೆ ಬಿಟ್ಟದ್ದೂ ಇದೆ: ಬಾಬರನ ಮಗಳು ಗುಲ್ಬದನ್ ಬೇಗಂ 1570ರ ದಶಕದಲ್ಲಿ ಹಜ್‌ಗೆ ಹೊರಟು ವರ್ಷಗಟ್ಟಲೆ ಹೊರಗಿದ್ದಳು, ಆಕೆ ಬರೆದು ಇಂದು ಉಳಿದಿರುವುದು ಅಣ್ಣ ಹುಮಾಯೂನನ ಚರಿತ್ರೆ, ಅದರಲ್ಲಿ ಈ ಯಾತ್ರೆಯಿಲ್ಲ.

ಸಿಕ್ಕಿದ್ದನ್ನೂ ಎಚ್ಚರದಿಂದ ಹಿಡಿಯಬೇಕು. ಜಿನೀವಾದಲ್ಲಿ ಹುಟ್ಟಿ, ಅರಬ್ ಗಂಡಸಿನ ಉಡುಪಿನಲ್ಲಿ ಅಲ್ಜೀರಿಯದ ಮರುಭೂಮಿಯನ್ನು ಅಲೆದ ಇಸಬೆಲ್ ಎಬರ್‌ಹಾರ್ಟ್ 1904ರ ಅಕ್ಟೋಬರಿನಲ್ಲಿ ಐನ್ ಸೆಫ್ರಾ ಎಂಬ ಊರಿನಲ್ಲಿ ಹಠಾತ್ತನೆ ನುಗ್ಗಿದ ಪ್ರವಾಹಕ್ಕೆ ಸಿಕ್ಕಿ 27ನೆಯ ವಯಸ್ಸಿಗೇ ಸತ್ತಳು. ಮರುಭೂಮಿಯಲ್ಲಿ ನೀರಿಗೆ ಸಿಕ್ಕಿ ಸತ್ತವಳ ಹಸ್ತಪ್ರತಿಗಳನ್ನು ಸೈನಿಕರು ಕೆಸರಿನಿಂದ ಹೆಕ್ಕಿ ತೆಗೆದರು. ಅವನ್ನು ಮೊದಲು ಪ್ರಕಟಿಸಿದ ಸಂಪಾದಕ ವಿಕ್ಟರ್ ಬರುಕಾಂ ಹರಿದ ಜಾಗಗಳನ್ನು ತನ್ನ ಮಾತಿನಿಂದ ತುಂಬಿ, ಮುಖಪುಟದಲ್ಲಿ ಆಕೆಯ ಹೆಸರಿನ ಜೊತೆ ತನ್ನ ಹೆಸರನ್ನೂ ಅಚ್ಚು ಹಾಕಿಸಿದ.